ಷರಾ ಬರೆಯುವ ಜಾಗ

ಬಸವೇಶ್ವರನಗರ
ಸೋಮವಾರ, 10 ಜೂನ್ 2024

ಅಕ್ಕಾ,

ಇವತ್ತು ಬೆಳಿಗ್ಗೆ ನಮ್ಮ ಲ್ಯಾಬಿನ ಕೌಂಟರಿನ ಎದುರಿನ ಬೆಂಚಿನಲ್ಲಿ ವಯಸ್ಸಾದವರೊಬ್ಬರು ತೊಡೆಯ ಮೇಲೆ ಕರವಸ್ತ್ರ ಹರಡಿಕೊಂಡು ಹಸಿರು ಗಾಜಿನ ಬಳೆಗಳನ್ನು ಎಣಿಸುತ್ತಿದ್ದರು. ಹನ್ನೊಂದು ಇಡಿಯಾಗಿದ್ದವು. ಹನ್ನೆರಡನೆಯದು ಮೂರು ಚೂರು. ಆ ಚೂರುಗಳನ್ನೂ ಸೇರಿಸಿ ಗಂಟು ಕಟ್ಟಿ ಅಂಗಿಯ ಜೇಬಿಗೆ ಇಳಿಸಿದರು. ಹೆಂಡತಿಯನ್ನು ಐಸಿಯುಗೆ ಸೇರಿಸುವಾಗ ನರ್ಸ್ ಸೋಪು ಹಚ್ಚಿ ಬಳೆ ತೆಗೆದರಂತೆ. ಊದಿದ ಕೈ, ಒಂದು ಮಾತ್ರ ಬರಲಿಲ್ಲವಂತೆ.

ಈ ಕಾಗದ ನಿನಗೆ, ಅಲ್ಲಿ ಉತ್ತರದ ನಿಮ್ಮ ಲ್ಯಾಬಿಗೆ ಹೋಗುವ ಮಾದರಿಗಳ ಡಬ್ಬದ ಜೊತೆ ಬರುತ್ತದೆ. ಪ್ರತಿ ಸೋಮವಾರ ಥರ್ಮೋಕೋಲ್ ಡಬ್ಬದಲ್ಲಿ ಟ್ಯೂಬುಗಳನ್ನಿಟ್ಟು, ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಭರ್ತಿ ಮಾಡಿದ ನಮೂನೆಗಳನ್ನು ಹಾಕಿ ಅಂಟಿಸುವುದು ನನ್ನ ಕೆಲಸ. ಅದೇ ಚೀಲದಲ್ಲಿ ಇದನ್ನೂ ಇಡುತ್ತಿದ್ದೇನೆ. ಹಾಗೆ ಇಡಬಾರದೆಂದು ಗೊತ್ತು. ಆದರೆ ‘ಇಲ್ಲಿ ಕನ್ನಡ ಅಕ್ಷರ ಕಂಡು ಎಂಟು ತಿಂಗಳಾಯಿತು, ಕೈಯಲ್ಲೇ ಬರಿ’ ಎಂದವಳು ನೀನೇ. ನನಗೋ ಫೋನಿನಲ್ಲಿ ಮಾತು ಹೊರಡುವುದಿಲ್ಲ. ಅಮ್ಮ ಶೇಂಗಾ ಹೋಳಿಗೆಯನ್ನೂ ಇದರಲ್ಲೇ ಕಳಿಸು ಅಂದಳು. ರೋಗಾಣುಗಳ ಡಬ್ಬದಲ್ಲಿ ತಿಂಡಿ ಕಳಿಸುವುದಿಲ್ಲ ಎಂದರೆ, ‘ಕಾಗದಕ್ಕೆ ಮಾತ್ರ ರೋಗ ಹತ್ತಂಗಿಲ್ಲೇನು?’ ಎಂದು ಕೇಳಿದಳು.

ನೀನು ಕೊಡಿಸಿದ ಈ ಕೆಲಸಕ್ಕೆ ನಾಲ್ಕು ತಿಂಗಳು ತುಂಬಿತು. ಟೆಕ್ನಿಷಿಯನ್ ಪುಟ್ಟಲಕ್ಷ್ಮಕ್ಕ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ನೀನು ಅವರನ್ನು ಫೋನಿನಲ್ಲಿ ಮಾತ್ರ ಬಲ್ಲೆಯಲ್ಲ. ಧ್ವನಿ ದೊಡ್ಡದು, ಆಳು ಸಣ್ಣ. ಅವರು ಯಂತ್ರದ ಫಲಿತಾಂಶವನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ, ನಾನು ಅದನ್ನು ವರದಿಯಾಗಿ ಟೈಪ್ ಮಾಡುತ್ತೇನೆ, ನಾಲ್ಕು ಗಂಟೆಗೆ ಲ್ಯಾಬಿನ ಡಾಕ್ಟರು ಬಸವಕುಮಾರ್ ಸಾರ್ ಬಂದು ಸಹಿ ಹಾಕುತ್ತಾರೆ. ಮ್ಯಾನೇಜರ್ ಸಂಪತ್ ಮೊನ್ನೆ ಮೊದಲ ಸಲ ನನ್ನನ್ನು ಹೊಗಳಿದರು. ವರದಿಯ ಎರಡನೇ ಪುಟ ಯಾವಾಗಲೂ ಕಳಚಿ ಕಳೆದುಹೋಗುತ್ತದೆ, ಇಲ್ಲವೇ ಯಾರೂ ತಿರುಗಿಸಿ ನೋಡುವುದಿಲ್ಲ ಎಂದು ಅವರಿಗೆ ಬೇಸರ. ಶನಿವಾರ ಐದು ವರದಿಗಳನ್ನು ಒಂದೊಂದೇ ಪುಟಕ್ಕೆ ತಂದುಕೊಟ್ಟೆ. ನಾಲ್ಕು ವರ್ಷ ಸಾಹಿತ್ಯ ಓದಿದ್ದಕ್ಕೆ ಇಷ್ಟಾದರೂ ಬಂತು ನೋಡು.

ಬಳೆಯ ಯಜಮಾನರ ಹೆಸರು ಮರಿಯಪ್ಪ, ಕೆಂಗೇರಿಯವರು. ಹೆಂಡತಿ ವೆಂಕಟಲಕ್ಷ್ಮಮ್ಮನಿಗೆ ಪಿತ್ತಕೋಶದ ಆಪರೇಷನ್ ಆಗಿ, ಆಮೇಲೆ ಜ್ವರ ಇಳಿಯಲೇ ಇಲ್ಲ. ರಕ್ತದಲ್ಲಿ ಶಿಲೀಂಧ್ರ ಬೆಳೆದಿದೆ. ‘ಬೂಷ್ಟಾ? ತಂಗಳು ಮುದ್ದೆ ಮೇಲೆ ಬರ್ತದಲ್ಲ, ಅದಾ ತಾಯೀ?’ ಎಂದು ಕೇಳಿದರು. ಆ ಜಾತಿಯದೇ ಅಂದೆ. ಅದಕ್ಕೊಂದು ಹೆಸರಿರಬೇಕಲ್ಲ ಎಂದರು. ಯಂತ್ರ ಕೊಟ್ಟ ಹೆಸರನ್ನು, ಕ್ಯಾಂಡಿಡಾ ಹೀಮುಲೋನಿಯೈ ಎಂದು, ಒಂದು ತುಂಡು ಕಾಗದದಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಅದೂ ಬಳೆಗಳ ಗಂಟಿಗೆ ಸೇರಿತು.

ವೆಂಕಟಲಕ್ಷ್ಮಮ್ಮನ ಟ್ಯೂಬು ಈ ಡಬ್ಬದಲ್ಲಿ ನಾಲ್ಕನೆಯದು. ಪುಟ್ಟಲಕ್ಷ್ಮಕ್ಕನೇ ಹಟ ಹಿಡಿದು ಕಳಿಸಿದ್ದಾರೆ.

ನಿನ್ನ
ವಚನಾ

⁂

ಶಿಲೀಂಧ್ರ ವಿಭಾಗ, ಮೂರನೇ ಮಹಡಿ
ಗುರುವಾರ, 13 ಜೂನ್ 2024

ವಚನಾ,

ನಿನ್ನೆ ಸಂಜೆ ಡಬ್ಬ ಬಂತು. ಎಲ್ಲರೂ ಟ್ಯೂಬು ಎಣಿಸುತ್ತಿದ್ದರೆ ನಾನು ನಿನ್ನ ಕಾಗದ ಎತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತು ಎರಡು ಸಲ ಓದಿದೆ. ಇಲ್ಲಿ ನಲವತ್ತಮೂರು ಡಿಗ್ರಿ. ಮೆಸ್ಸಿನವನು ಅನ್ನಕ್ಕೆ ರಾಜ್ಮಾ ಹಾಕಿ ಇದೇ ನಿಮ್ಮ ಸಾರು ಅನ್ನುತ್ತಾನೆ.

ನಾನು ಏನು ಮಾಡುತ್ತೇನೆಂದು ಊರು ಬಿಡುವಾಗ ಕೇಳಿದ್ದೆಯಲ್ಲ. ನಿಮ್ಮಲ್ಲಿರುವ ಯಂತ್ರ ಒಂದು ಶಿಲೀಂಧ್ರ ಯಾವ ಸಕ್ಕರೆ ತಿನ್ನುತ್ತದೆ, ಯಾವುದನ್ನು ಬಿಡುತ್ತದೆ ಎಂದು ನೋಡಿ ಹೆಸರು ಹೇಳುತ್ತದೆ. ಊಟದ ರುಚಿ ನೋಡಿ ಇವನು ಯಾರ ಮನೆಯವನು ಎಂದು ಊಹಿಸಿದ ಹಾಗೆ. ಬಹಳ ಸಲ ಸರಿ, ಕೆಲವು ಸಲ ತಪ್ಪು. ನಾವು ಅದರ ಡಿಎನ್‌ಎಯಲ್ಲಿ ಒಂದು ಸಣ್ಣ ಭಾಗವನ್ನು ಮಾತ್ರ ಓದುತ್ತೇವೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ, ಒಂದರ ಹಿಂದೊಂದು ನೂರಾರು. ಆ ಸಾಲನ್ನು ಜಗತ್ತಿನ ಸಂಗ್ರಹದಲ್ಲಿರುವ ಸಾಲುಗಳ ಜೊತೆ ಇಟ್ಟು ನೋಡಿದರೆ ಜಾತಿ ತಿಳಿಯುತ್ತದೆ.

ಓದುವ ತಟ್ಟೆ ನೋಡಿದರೆ ದೊಡ್ಡಮ್ಮನ ಪಡ್ಡಿನ ಹಂಚು ನೆನಪಾಗುತ್ತದೆ. ತೊಂಬತ್ತಾರು ಗುಳಿ. ಒಂದೊಂದರಲ್ಲಿ ಒಬ್ಬೊಬ್ಬ ರೋಗಿ. ಪಡ್ಡಿನ ಹಾಗೆಯೇ, ಗುಳಿಗಳೆಲ್ಲ ತುಂಬಿದ ಮೇಲೆಯೇ ಒಲೆಗೆ ಇಡುವುದು.

ನಿನ್ನ ಬಳೆಯ ಯಜಮಾನರ ಹೆಂಡತಿಯ ಟ್ಯೂಬು ನನ್ನ ಕೈಯಲ್ಲೇ ಇದೆ. ಅವರಿಗೆ ಹೇಳು, ನೋಡುತ್ತಿದ್ದೇವೆ ಅಂತ.

ಚಿಕ್ಕಮ್ಮನ ಹೋಳಿಗೆಗೆ ಬೇರೆ ಕೊರಿಯರ್ ಹುಡುಕು.

ಜಯದೇವಿ

⁂

ಬಸವೇಶ್ವರನಗರ
ಸೋಮವಾರ, 17 ಜೂನ್ 2024

ಅಕ್ಕಾ,

ಖಾಲಿ ಡಬ್ಬದಲ್ಲಿ ನಿನ್ನ ಕಾಗದ ಶನಿವಾರ ಸಿಕ್ಕಿತು.

ವೆಂಕಟಲಕ್ಷ್ಮಮ್ಮನಿಗೆ ಜ್ವರ ಇಳಿದಿಲ್ಲ. ಐಸಿಯು ಡಾಕ್ಟರು ಔಷಧಿಯ ಪ್ರಮಾಣ ಏರಿಸಿದ್ದಾರೆ. ವರದಿಯಲ್ಲಿರುವ ಶಿಲೀಂಧ್ರಕ್ಕೆ ಸಾಮಾನ್ಯವಾಗಿ ಕೊಡುವ ಔಷಧಿಯಂತೆ. ಕೆಲಸ ಮಾಡಬೇಕಿತ್ತು, ಯಾಕೆ ಮಾಡುತ್ತಿಲ್ಲವೋ ಎಂದು ಅವರು ಫೋನಿನಲ್ಲಿ ಬಸವಕುಮಾರ್ ಸಾರ್‌ಗೆ ಹೇಳುತ್ತಿದ್ದುದು ಕೇಳಿಸಿತು.

ಮರಿಯಪ್ಪನವರು ಬೆಳಿಗ್ಗೆ ಏಳಕ್ಕೇ ಬಂದು ಬೆಂಚಿನಲ್ಲಿ ಕೂರುತ್ತಾರೆ. ಐಸಿಯು ಒಳಗೆ ದಿನಕ್ಕೆ ಎರಡೇ ಸಲ ಬಿಡುವುದು. ಉಳಿದ ಹೊತ್ತು ಅವರಿಗೆ ನೋಡಲು ಇರುವುದು ನಾನೊಬ್ಬಳೇ. ನಾನು ತಲೆಯೆತ್ತಿದಾಗಲೆಲ್ಲ ನಗುತ್ತಾರೆ. ನಿನ್ನೆ ಭಾನುವಾರವೂ ನನ್ನ ಪಾಳಿ ಇತ್ತು. ಮನೆಯಿಂದ ಬೇಯಿಸಿದ ಕಡಲೆಕಾಯಿ ತಂದು ಕೌಂಟರಿನ ಮೇಲಿಟ್ಟರು. ಹೆಂಡತಿಗೆ ಇಷ್ಟವಂತೆ. ಮೂಗಿನ ನಳಿಗೆಯಲ್ಲಿ ಊಟ ಹೋಗುತ್ತಿರುವವರಿಗೆ ಏಕೆ ತಂದರೆಂದು ನಾನು ಕೇಳಲಿಲ್ಲ. ಆ ಹೆಸರನ್ನು ಅವರು ಬಾಯಿಪಾಠ ಮಾಡಿದ್ದಾರೆ. ಫೋನು ಮಾಡಿದ ನೆಂಟರಿಗೆಲ್ಲ ಹೇಳುತ್ತಾರೆ: ‘ಹೀಮುಲೋನಿ ಅಂತ. ಹೆಸ್ರು ಸಿಕ್ಕದೆ, ಇನ್ನೇನು ವಾಸಿಯಾಗ್ತದೆ.’

ನಿನ್ನಲ್ಲಿ ಬೇಗ ನೋಡು ಎಂದು ಕೇಳುವುದು ಸರಿಯಲ್ಲ. ಎಲ್ಲ ಗುಳಿಯಲ್ಲೂ ಒಬ್ಬೊಬ್ಬರು ಇರುತ್ತಾರೆ. ಆದ್ದರಿಂದ ಕೇಳುತ್ತಿಲ್ಲ.

ಪುಟ್ಟಲಕ್ಷ್ಮಕ್ಕ ಬೆಳಿಗ್ಗೆ ಪೆಟ್ರಿ ತಟ್ಟೆ ತೊಳೆಯುತ್ತ ಏನೋ ಕೇಳಿದರು. ನಲ್ಲಿಯ ಸದ್ದಿತ್ತು. ಹೂಂ ಅಂದೆ.

ವಚನಾ

⁂

ಶಿಲೀಂಧ್ರ ವಿಭಾಗ
ಗುರುವಾರ, 20 ಜೂನ್ 2024

ವಚನಾ,

ನಿನ್ನೆ ಮಧ್ಯಾಹ್ನ ವರದಿಯನ್ನು ಈಮೇಲ್ ಮಾಡಿದ್ದೇನೆ. ಐಸಿಯು ಡಾಕ್ಟರಿಗೆ ಫೋನೂ ಮಾಡಿದೆ. ನಾಲ್ಕನೇ ಟ್ಯೂಬಿನಲ್ಲಿ ಇರುವುದು ಹೀಮುಲೋನಿಯೈ ಅಲ್ಲ, ಕ್ಯಾಂಡಿಡಾ ಆರಿಸ್. ಯಂತ್ರಗಳು ಇವೆರಡನ್ನು ಅದಲುಬದಲು ಮಾಡುವುದು ಹೊಸದಲ್ಲ. ಇದು ಮಾಮೂಲಿ ಔಷಧಿಗೆ ಬಗ್ಗುವುದಿಲ್ಲ. ಹಾಸಿಗೆ, ಬಿಪಿ ಪಟ್ಟಿ, ಕೈ, ಎಲ್ಲದರ ಮೇಲೂ ಕುಳಿತು ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ರೋಗಿಯನ್ನು ಬೇರೆ ಕೋಣೆಗೆ ಹಾಕಿ ಔಷಧಿ ಬದಲಿಸಲು ಹೇಳಿದ್ದೇನೆ.

ಒಂದು ವಿಷಯ ಅರ್ಥವಾಗಲಿಲ್ಲ. ನಿಮ್ಮ ಮೊದಲ ವರದಿಯ ಪ್ರತಿ ತರಿಸಿ ನೋಡಿದೆ. ಯಂತ್ರ ಈ ಹೆಸರು ಕೊಟ್ಟಾಗ ‘ಗುರುತು ದೃಢವಲ್ಲ, ಖಚಿತವಾಗುವವರೆಗೆ ಇದನ್ನು ನೆಚ್ಚಿ ಔಷಧಿ ಆರಿಸಬೇಡಿ’ ಎಂದು ಷರಾ ಬರೆಯುವುದು ಎಲ್ಲ ಲ್ಯಾಬಿನ ರೂಢಿ. ನಿಮ್ಮದರಲ್ಲಿ ಇರಲಿಲ್ಲ. ಪುಟ್ಟಲಕ್ಷ್ಮಿ ಮರೆತರೇ? ಹನ್ನೊಂದು ವರ್ಷದ ಅನುಭವದವರು.

ಇಲ್ಲಿ ಯಂತ್ರಕ್ಕೆ ಸ್ವಲ್ಪ ತೊಂದರೆಯಾಗಿತ್ತು. ಇಲ್ಲದಿದ್ದರೆ ಐದು ದಿನ ಮೊದಲೇ ಹೇಳಬಹುದಿತ್ತು.

ಅವರು ಹೇಗಿದ್ದಾರೆ?

ಜಯದೇವಿ

⁂

ಬಸವೇಶ್ವರನಗರ
ಸೋಮವಾರ, 1 ಜುಲೈ 2024

ಅಕ್ಕಾ,

ಹೋದ ವಾರದ ಡಬ್ಬ ಕಾಗದವಿಲ್ಲದೆ ಬಂದದ್ದಕ್ಕೆ ಕ್ಷಮಿಸು.

ನೀನು ‘ಹೇಗಿದ್ದಾರೆ’ ಎಂದು ಬರೆದ ದಿನ ಮಧ್ಯಾಹ್ನವೇ ವೆಂಕಟಲಕ್ಷ್ಮಮ್ಮ ತೀರಿಕೊಂಡರು. ಹೊಸ ಔಷಧಿ ಹಿಂದಿನ ಸಂಜೆ ಶುರುವಾಗಿತ್ತು. ಒಂದು ದಿನವೂ ಆಗಿರಲಿಲ್ಲ. ನಾನು ಕೌಂಟರಿನಲ್ಲೇ ಇದ್ದೆ. ಮರಿಯಪ್ಪನವರನ್ನು ಒಳಗೆ ಕರೆದರು. ಹೊರಗೆ ಬಂದು ಅದೇ ಬೆಂಚಿನಲ್ಲಿ, ಅದೇ ಜಾಗದಲ್ಲಿ ಕುಳಿತುಕೊಂಡರು. ನಾನು ತಲೆಯೆತ್ತಿದಾಗ ರೂಢಿಯಿಂದ ನಕ್ಕುಬಿಟ್ಟರು. ಆಮೇಲೆ ಎಲ್ಲಿದ್ದೇನೆಂದು ನೆನಪಾದವರಂತೆ ಬಾಯಿ ಮುಚ್ಚಿಕೊಂಡರು.

ಬಿಲ್ಲು, ಕಾಗದಪತ್ರ ಎಲ್ಲ ಮುಗಿಸಿ ಹೋಗುವಾಗ ಕೌಂಟರಿಗೆ ಬಂದು, ಹನ್ನೊಂದನೇ ದಿನದ ಕಾರ್ಯಕ್ಕೆ ನೀನು ಬರಬೇಕು ತಾಯೀ ಎಂದು ಕರೆದರು. ನಿನ್ನೆ ಹೋಗಿದ್ದೆ. ಅಮ್ಮ ಬೇಡವೆಂದಳು, ಆದರೂ ಹೋದೆ. ಕೆಂಗೇರಿ ಮೆಟ್ರೋದಿಂದ ಹತ್ತು ನಿಮಿಷ ನಡಿಗೆ. ಶಾಮಿಯಾನ ಹಾಕಿದ್ದರು. ಊಟ ಮಾಡಿ ಬಂದೆ.

ಐಸಿಯುನಲ್ಲಿ ಇನ್ನಿಬ್ಬರಿಗೆ ಜ್ವರ. ಒಬ್ಬರು ದಾನಮ್ಮ ಅಂತ, ಹಾವೇರಿ ಕಡೆಯವರು. ವೆಂಕಟಲಕ್ಷ್ಮಮ್ಮನ ಪಕ್ಕದ ಹಾಸಿಗೆ. ಅವರಿಬ್ಬರ ಟ್ಯೂಬುಗಳು ಈ ಡಬ್ಬದಲ್ಲಿವೆ. ಈ ಸಲ ನಮೂನೆಯ ಮೇಲೆ ತುರ್ತು ಎಂದು ಕೆಂಪು ಶಾಯಿಯಲ್ಲಿ ನಾನೇ ಬರೆದಿದ್ದೇನೆ.

ಮೊದಲ ವರದಿಯಲ್ಲಿ ಷರಾ ಇರಲಿಲ್ಲವೆಂದು ನೀನು ಡಾಕ್ಟರಿಗೂ ಫೋನಿನಲ್ಲಿ ಹೇಳಿದ್ದೆಯಂತೆ. ಆ ಮಾತು ಹಿಡಿದು ವಿಚಾರಣೆ ನಡೆಯುತ್ತಿದೆ. ಪುಟ್ಟಲಕ್ಷ್ಮಕ್ಕ ತಾನು ಚೀಟಿಯಲ್ಲಿ ಬರೆದಿದ್ದೆ ಅನ್ನುತ್ತಾರೆ. ಚೀಟಿಗಳ ಫೈಲಿನಲ್ಲಿ ಆ ದಿನದ ಆ ಒಂದು ಚೀಟಿ ಸಿಗುತ್ತಿಲ್ಲ. ಚೀಟಿ ಸಿಗುವವರೆಗೆ ಮನೆಯಲ್ಲಿರಿ ಎಂದು ಸಂಪತ್ ಅವರಿಗೆ ಹೇಳಿದ್ದಾರೆ. ಹೋಗುವಾಗ ತಮ್ಮ ಚಪ್ಪಲಿ, ಟಿಫಿನ್ ಡಬ್ಬ, ಗೋಡೆಗೆ ಅಂಟಿಸಿದ್ದ ದೇವರ ಕ್ಯಾಲೆಂಡರು, ಮೂರನ್ನೂ ತೆಗೆದುಕೊಂಡು ಹೋದರು.

ನಿನ್ನ ಯಂತ್ರ ಸರಿಹೋಯಿತೇ?

ವಚನಾ

⁂

ಶಿಲೀಂಧ್ರ ವಿಭಾಗ
ಗುರುವಾರ, 4 ಜುಲೈ 2024

ವಚನಾ,

ನಿನ್ನೆ ಬಂದ ಎರಡೂ ಟ್ಯೂಬುಗಳನ್ನು ನಿನ್ನೆ ರಾತ್ರಿಯೇ ಓದಿಸಿದೆ. ಈ ಸಲ ತಟ್ಟೆ ತುಂಬಲೆಂದು ಕಾಯಲಿಲ್ಲ. ಎರಡರಲ್ಲೂ ಅದೇ ಜಾತಿ, ಆರಿಸ್. ಒಬ್ಬರಿಂದಲೇ ಒಬ್ಬರಿಗೆ ಹೋಯಿತೇ ಎನ್ನಲು ಇಡೀ ಜೀನೋಮ್ ಓದಬೇಕು, ಅದು ಆಮೇಲೆ. ಮೊದಲು ಅವರಿಗೆ ಸರಿಯಾದ ಔಷಧಿ ಬೀಳಲಿ. ಡಾಕ್ಟರಿಗೆ ಬೆಳಿಗ್ಗೆ ಏಳಕ್ಕೇ ಫೋನು ಮಾಡಿದ್ದೇನೆ.

ನಿನ್ನ ಕಾಗದ ಓದಿದಾಗ ನನ್ನ ಮೊದಲ ವರ್ಷ ನೆನಪಾಯಿತು. ಸಂಖ್ಯೆಯಾಗಿದ್ದ ರೋಗಿ ಒಮ್ಮೆ ಮುಖವಾಗಿಬಿಟ್ಟರೆ ಕೆಲಸ ಕಷ್ಟ. ನೀನು ಮೃದು. ಚಿಕ್ಕಂದಿನಲ್ಲಿ ಸತ್ತ ಇರುವೆಗೂ ಅಳುತ್ತಿದ್ದವಳು. ಕಾರ್ಯಕ್ಕೆಲ್ಲ ಹೋಗಬಾರದಿತ್ತು. ಇದು ನಿನಗೆ ಮೊದಲ ಸಾವು, ಅಷ್ಟೇ. ಮುಂದಿನದು ಇಷ್ಟು ತಾಗುವುದಿಲ್ಲ.

ಪುಟ್ಟಲಕ್ಷ್ಮಿಯವರ ವಿಷಯ ಬೇಸರವಾಯಿತು. ಆದರೆ ಮರೆತದ್ದು ಮರೆತದ್ದೇ. ಕೆಲಸ ಹೆಚ್ಚಾದಾಗ ಎಂಥವರಿಗೂ ಆಗುತ್ತದೆ. ನೀನು ಅದರಲ್ಲಿ ತಲೆ ಹಾಕಬೇಡ. ನೀನು ಟೈಪ್ ಮಾಡುವವಳು. ಚೀಟಿಯಲ್ಲಿ ಇದ್ದದ್ದನ್ನು ಟೈಪ್ ಮಾಡಿದೆ, ಇಲ್ಲದ್ದನ್ನು ಮಾಡಲಿಲ್ಲ. ಯಾರು ಕೇಳಿದರೂ ಅಷ್ಟೇ ಹೇಳು. ಬಿ.ಎಡ್.ಗೆ ಅರ್ಜಿ ಹಾಕುವ ಮಾತಾಡಿದ್ದೆ, ಅದನ್ನು ನೋಡು.

ಇಲ್ಲಿ ಮಳೆ ಇನ್ನೂ ಬಂದಿಲ್ಲ. ಮೋಡ ಬರುತ್ತದೆ, ಹೋಗುತ್ತದೆ. ಹಾಸ್ಟೆಲಿನ ಕೂಲರ್ ಕೆಟ್ಟಿದೆ. ಎದುರಿನ ಬೇವಿನ ಮರಕ್ಕೆ ಗಿಳಿಗಳು ಬರುತ್ತವೆ. ನಿನಗೆ ಯಾಕೆ ಇದನ್ನೆಲ್ಲ ಬರೆಯುತ್ತಿದ್ದೇನೋ.

ಜಯದೇವಿ

⁂

ಬಸವೇಶ್ವರನಗರ
ಸೋಮವಾರ, 8 ಜುಲೈ 2024

ಅಕ್ಕಾ,

ಚೀಟಿ ನನ್ನ ಹತ್ತಿರ ಇದೆ.

ಇದನ್ನು ಬರೆಯಲು ಮೂರು ಹಾಳೆ ಹರಿದೆ. ಮೊದಲ ಸಾಲಿನಲ್ಲೇ ಬರೆಯದಿದ್ದರೆ ಮಳೆಯ ಬಗ್ಗೆ ಬರೆದುಬಿಡುತ್ತೇನೆ ಎಂದು ಹೀಗೆ ಶುರು ಮಾಡಿದೆ.

ಜೂನ್ ಎಂಟು, ಶನಿವಾರ. ಪುಟ್ಟಲಕ್ಷ್ಮಕ್ಕ ಕೊಟ್ಟ ಚೀಟಿಯಲ್ಲಿ ಹೆಸರಿನ ಕೆಳಗೆ ಷರಾ ಇತ್ತು. ನೀನು ಬರೆದಿದ್ದೆಯಲ್ಲ, ಹೆಚ್ಚು ಕಡಿಮೆ ಅದೇ ಮಾತು. ಪೂರ್ತಿ ಟೈಪ್ ಮಾಡಿದೆ. ವರದಿಯ ಕೊನೆಯ ಎರಡು ಸಾಲು ಎರಡನೇ ಪುಟಕ್ಕೆ ಹೋಯಿತು. ಅಕ್ಷರ ಸಣ್ಣದು ಮಾಡಿದೆ, ಆಗಲಿಲ್ಲ. ಆಗ ಷರಾವನ್ನು ಮತ್ತೆ ಓದಿದೆ. ‘ದೃಢವಲ್ಲ’, ‘ಇರಬಹುದು’, ‘ಖಚಿತವಾಗುವವರೆಗೆ’. ಒಂದೇ ಅನುಮಾನವನ್ನು ಮೂರು ಸಲ ಹೇಳಿದ ಹಾಗೆ ಕಂಡಿತು. ಮೇಲೆ ಹೆಸರು ಸ್ಪಷ್ಟವಾಗಿ ಇದೆಯಲ್ಲ, ಕೆಳಗೆ ಇಷ್ಟು ತಡವರಿಕೆ ಯಾಕೆ ಅನ್ನಿಸಿತು. ಟ್ಯೂಬು ಹೇಗೂ ನಿನ್ನಲ್ಲಿಗೆ ಹೋಗುತ್ತದೆ ಎಂದುಕೊಂಡೆ. ತೆಗೆದುಬಿಟ್ಟೆ. ವರದಿ ಒಂದೇ ಪುಟಕ್ಕೆ ನಿಂತಿತು. ನೋಡಲು ಚೆನ್ನಾಗಿತ್ತು ಅಕ್ಕಾ. ಆಸ್ಪತ್ರೆಯ ಲಾಂಛನ ಅಂಗೈ ಅಗಲ ಇದೆ, ಅದನ್ನು ಚಿಕ್ಕದು ಮಾಡಬಹುದಿತ್ತು. ಅದು ಹೊಳೆಯಲೇ ಇಲ್ಲ. ಬಸವಕುಮಾರ್ ಸಾರ್ ಚೀಟಿ ನೋಡದೆ ಸಹಿ ಹಾಕಿದರು. ಅದೇ ಸಂಜೆ ನಿನಗೆ ಹೆಮ್ಮೆಯಿಂದ ಹೇಳಬೇಕೆಂದುಕೊಂಡೆ, ಸೋಮವಾರ ಬರೆದೂ ಬರೆದೆ.

ಹದಿನೇಳರಂದು ನಲ್ಲಿಯ ಸದ್ದಿನಲ್ಲಿ ಪುಟ್ಟಲಕ್ಷ್ಮಕ್ಕ ಕೇಳಿದ್ದು ಏನೆಂದು ನನಗೆ ಕೇಳಿಸಿತ್ತು. ‘ಆ ಕೆಂಗೇರಿ ಆಂಟಿ ರಿಪೋರ್ಟ್‌ಗೆ ನಾನ್ ಬರ್ದಿದ್ ಷರಾ ಹಾಕಿದ್ಯಲ್ವೇನೇ?’ ಹೂಂ ಅಂದೆ. ಆಗ ವೆಂಕಟಲಕ್ಷ್ಮಮ್ಮ ಬದುಕಿದ್ದರು. ಇಲ್ಲ ಎಂದಿದ್ದರೆ ಪುಟ್ಟಲಕ್ಷ್ಮಕ್ಕ ಆ ಕ್ಷಣವೇ ಐಸಿಯುಗೆ ಓಡುತ್ತಿದ್ದರು. ಇನ್ನೂ ಮೂರು ದಿನ ಇತ್ತು. ಬೈಸಿಕೊಳ್ಳುವುದಕ್ಕೆ ಹೆದರಿ ಹೂಂ ಅಂದೆ, ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ನಿನ್ನ ವರದಿ ಬಂದ ದಿನ ಫೈಲಿನಿಂದ ಚೀಟಿ ತೆಗೆದು ಮನೆಗೆ ತಂದೆ. ನಿಘಂಟಿನೊಳಗೆ ಇಟ್ಟಿದ್ದೇನೆ. ಸಂಪತ್ ಕೇಳಿದಾಗ ಹುಡುಕುತ್ತೇನೆ ಸಾರ್ ಎಂದೆ.

ಕಾರ್ಯದ ದಿನದ ಬಗ್ಗೆ ಊಟ ಮಾಡಿ ಬಂದೆ ಎಂದಷ್ಟೇ ಬರೆದಿದ್ದೆ. ನಾನು ಊಟ ಮಾಡಲಿಲ್ಲ. ಎಲೆಯ ಮುಂದೆ ಕುಳಿತಾಗ ಎದುರು ಸಾಲಿನವರು, ಏನಾಗಿತ್ತಪ್ಪ ಎಂದು ಮರಿಯಪ್ಪನವರನ್ನು ಕೇಳಿದರು. ಅವರು ಜೇಬಿನಿಂದ ಕರವಸ್ತ್ರ ತೆಗೆದು, ಬಳೆ ಬದಿಗೆ ಸರಿಸಿ, ನನ್ನ ಕಾಗದ ಬಿಡಿಸಿ ಓದಿದರು. ‘ಹೀಮುಲೋನಿಯೈ. ಈ ಮಗೀನೇ ಬರ್ಕೊಟ್ಟಿದ್ದು. ಪಾಪ, ದಿನಾ ನನ್ ಮುಖ ನೋಡೋದು.’ ಎಲ್ಲರೂ ನನ್ನ ಕಡೆ ತಿರುಗಿದರು. ಆಸ್ಪತ್ರೆಯವರು ಅವರಿಗೆ ಎರಡನೆಯ ಹೆಸರು ಹೇಳಿಯೇ ಇಲ್ಲ. ಬದುಕಿದ್ದಾಗ ಕಾಡಿದ್ದು ಒಂದು, ಸತ್ತ ಮೇಲೆ ಮನೆಯವರು ದೂಷಿಸುವುದು ಇನ್ನೊಂದನ್ನು. ಮನೆಯಲ್ಲಿ ಮಗುವೊಂದು ಆ ಹೆಸರನ್ನು ಆಟದ ಪದದಂತೆ ಹೇಳಿಕೊಂಡು ಓಡಾಡುತ್ತಿತ್ತು.

ಮೊನ್ನೆ ಶನಿವಾರ ಕಾಮಾಕ್ಷಿಪಾಳ್ಯಕ್ಕೆ, ಪುಟ್ಟಲಕ್ಷ್ಮಕ್ಕನ ಮನೆಗೆ ಹೋದೆ. ಕೆಳಗೆ ಗಾರ್ಮೆಂಟ್ಸ್, ಮೇಲೆ ಅವರ ಎರಡು ಕೋಣೆ. ಹೊಲಿಗೆ ಯಂತ್ರಗಳಿಗೆ ನೆಲ ಸಣ್ಣಗೆ ನಡುಗುತ್ತದೆ. ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದರು. ಚೀಟಿ ನನ್ನ ಚೀಲದಲ್ಲಿತ್ತು. ಕೊಡಲೆಂದೇ ಹೋಗಿದ್ದೆ. ಅವರು ಒಂದಷ್ಟು ಹೊತ್ತು ಸಂಪತ್‌ನನ್ನು ಬೈದು, ನನಗೆ ಕಾಫಿ ಕೊಟ್ಟು, ಆಮೇಲೆ ಧ್ವನಿ ಇಳಿಸಿ ಹೇಳಿದರು:

‘ಬರ್ದೆ ಅಂತ್ಲೇ ನೆನಪು ಕಣೇ ವಚನಾ. ಆದ್ರೆ ಅವತ್ತು ಹದಿನಾಲ್ಕು ಕಲ್ಚರ್ ಇತ್ತು. ಮಲಗಿದ್ರೆ ಅದೇ ಚೀಟಿ ಕಣ್ಮುಂದೆ ಬರತ್ತೆ. ಒಂದಿನ ಷರಾ ಇರತ್ತೆ, ಒಂದಿನ ಇರಲ್ಲ. ಬರೀಲಿಲ್ವೇನೋ. ನಾನೇ ಆಯಮ್ಮನ್ನ ಕೊಂದ್ನೇನೋ.’

ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದೆ. ಚೀಟಿ ಚೀಲದಲ್ಲೇ ವಾಪಸು ಬಂತು.

ನೀನು ನನ್ನನ್ನು ಮೃದು ಎಂದೆ. ನಾನು ಮೃದು ಅಲ್ಲ ಅಕ್ಕಾ. ಇರುವೆಗೆ ಅತ್ತವಳು ಇಷ್ಟನ್ನೂ ಮಾಡಿದ್ದೇನೆ.

ನಿನ್ನ ಯಂತ್ರದ ವಿಷಯ ಮತ್ತೆ ಕೇಳುವುದಿಲ್ಲ. ‘ಈ ಸಲ ತಟ್ಟೆ ತುಂಬಲೆಂದು ಕಾಯಲಿಲ್ಲ’ ಎಂದು ಬರೆದಿದ್ದೀ. ಪಡ್ಡಿನ ಹಂಚಿನ ಕಾಗದವನ್ನು ತೆಗೆದು ಮತ್ತೆ ಓದಿದೆ.

ವಚನಾ

⁂

ಗುರುವಾರ, 11 ಜುಲೈ 2024

ವಚನಾ,

ಯಂತ್ರ ಕೆಟ್ಟಿರಲಿಲ್ಲ.

ಹದಿಮೂರನೇ ತಾರೀಖು ಗುರುವಾರ ನಿಮ್ಮ ಟ್ಯೂಬಿನಿಂದ ಡಿಎನ್‌ಎ ತೆಗೆದು ತಯಾರು ಮಾಡಿಟ್ಟೆ. ತಟ್ಟೆಯಲ್ಲಿ ಎಂಬತ್ತೊಂಬತ್ತು ಗುಳಿ ತುಂಬಿತ್ತು. ಏಳು ಖಾಲಿ. ಸೋಮವಾರ ಬೇರೆ ಊರಿನ ಮಾದರಿಗಳು ಬರುತ್ತವೆ, ಸೇರಿಸಿಯೇ ಓಡಿಸೋಣ ಎಂದು ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ. ಮಂಗಳವಾರ ಓಡಿಸಿದೆ. ಇದು ನಮ್ಮ ರೂಢಿ, ಯಾರೂ ನನ್ನನ್ನು ಕೇಳುವುದಿಲ್ಲ. ತುರ್ತು ಎಂದು ನಮೂನೆಯಲ್ಲಿದ್ದರೆ ಖಾಲಿ ಗುಳಿಯಿದ್ದರೂ ಓಡಿಸುತ್ತೇವೆ. ನಿಮ್ಮ ನಮೂನೆಯಲ್ಲಿ ಇರಲಿಲ್ಲ.

ನಿನ್ನ ಕಾಗದದಲ್ಲಿ ಇತ್ತು. ಹನ್ನೊಂದು ಬಳೆ, ಮೂರು ಚೂರು. ಅದನ್ನು ಹಿಂದಿನ ಸಂಜೆಯೇ ಎರಡು ಸಲ ಓದಿದ್ದೆ. ಓದಿ, ಚೆನ್ನಾಗಿ ಬರೆಯುತ್ತಾಳೆ ಎಂದುಕೊಂಡೆ. ಆಮೇಲೆ ಹೋಗಿ ತಟ್ಟೆ ಫ್ರಿಜ್ಜಿನಲ್ಲಿಟ್ಟು ನಿನಗೆ ಪಡ್ಡಿನ ಬಗ್ಗೆ ಬರೆದೆ.

ಶುಕ್ರವಾರವೇ ಹೆಸರು ತಿಳಿದಿದ್ದರೆ ಅವರು ಉಳಿಯುತ್ತಿದ್ದರೇ? ಗೊತ್ತಿಲ್ಲ. ಈ ಶಿಲೀಂಧ್ರ ರಕ್ತಕ್ಕೆ ಬಿದ್ದವರಲ್ಲಿ ಸರಿಯಾದ ಔಷಧಿ ಸಿಕ್ಕರೂ ಎಷ್ಟೋ ಜನ ಉಳಿಯುವುದಿಲ್ಲ. ಇದನ್ನು ಸಮಾಧಾನಕ್ಕೆಂದು ಬರೆಯುತ್ತಿಲ್ಲ. ನನಗೇ ಇದನ್ನು ಒಂದು ವಾರ ಹೇಳಿಕೊಂಡೆ, ಏನೂ ಆಗಲಿಲ್ಲ.

ಪುಟ್ಟಲಕ್ಷ್ಮಿಯವರೇ ಮರೆತರು ಎಂದು ಬರೆಯುವಾಗ ನನಗೆ ಸ್ವಲ್ಪ ಹಗುರಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಚೀಟಿಯನ್ನು ಏನು ಮಾಡಬೇಕೆಂದು ನೀನು ಕೇಳಿಲ್ಲ. ಕೇಳಿದ್ದರೆ, ಸುಟ್ಟುಬಿಡು ಎನ್ನುತ್ತಿದ್ದೆನೋ ಏನೋ. ನಿನಗೆ ಇಪ್ಪತ್ಮೂರು ವರ್ಷ. ಅವರು ನಿನ್ನೊಬ್ಬಳ ಮೇಲೆ ಎಲ್ಲವನ್ನೂ ಹಾಕುತ್ತಾರೆ. ಸಹಿ ಹಾಕಿದವರು, ಒಂದೇ ಪುಟ ಎಂದವರು, ಎಲ್ಲರೂ ಹಿಂದೆ ಸರಿಯುತ್ತಾರೆ. ಚಿಕ್ಕಮ್ಮನಿಗೆ ನಾನು ಏನು ಹೇಳಲಿ? ಈ ಕೆಲಸ ಕೊಡಿಸಿದವಳು ನಾನು.

ಉತ್ತರ ಬರೆ. ಏನಾದರೂ ಮಾಡುವ ಮೊದಲು ಬರೆ.

ಜಯದೇವಿ

⁂

ಬಸವೇಶ್ವರನಗರ
ಸೋಮವಾರ, 15 ಜುಲೈ 2024

ಅಕ್ಕಾ,

ಈ ಕಾಗದ ಡಬ್ಬದಲ್ಲಿ ಬರುವುದಿಲ್ಲ. ಅಂಚೆಗೆ ಹಾಕುತ್ತಿದ್ದೇನೆ. ನಿನಗೆ ತಲುಪುವ ಹೊತ್ತಿಗೆ ನಾಲ್ಕೈದು ದಿನವಾಗಿರುತ್ತದೆ.

ದಾನಮ್ಮ ನಿನ್ನೆ ಎದ್ದು ಕುಳಿತರು. ಬಾಗಿಲ ಗಾಜಿನಿಂದ ನೋಡಿದೆ. ಗಂಜಿ ಬೇಡ, ಮೊಸರು ಬೇಕು ಎಂದು ನರ್ಸ್ ಜೊತೆ ಜಗಳವಾಡುತ್ತಿದ್ದರು. ಅವರ ವರದಿಯನ್ನು ನಾನೇ ಟೈಪ್ ಮಾಡಿದ್ದು. ಹೆಸರು ಹೊತ್ತಿಗೆ ಸರಿಯಾಗಿ ತಿಳಿದದ್ದರಿಂದ ಮೊಸರಿಗೆ ಜಗಳವಾಡುತ್ತಿದ್ದಾರೆ ಎಂದು ಸಂತೋಷವಾಯಿತು. ಆಮೇಲೆ ಅಲ್ಲಿ ನಿಲ್ಲಲಾಗಲಿಲ್ಲ.

ಜೂನ್ ಎಂಟರ ವರದಿ ಕಂಪ್ಯೂಟರಿನಲ್ಲಿ ಇತ್ತು. ಶುಕ್ರವಾರ ಎಲ್ಲರೂ ಊಟಕ್ಕೆ ಹೋದಾಗ ಪುಟ್ಟಲಕ್ಷ್ಮಕ್ಕನ ಷರಾವನ್ನು ಅದರ ಕೆಳಗೆ ಇದ್ದದ್ದು ಇದ್ದಂತೆ ಮತ್ತೆ ಟೈಪ್ ಮಾಡಿದೆ. ಮೂರು ಸಲ ಹೇಳಿದ ಅನುಮಾನವನ್ನು ಮೂರು ಸಲವೂ ಬರೆದೆ. ಎರಡನೇ ಪುಟಕ್ಕೆ ಹೋಯಿತು. ಹೋಗಲಿ ಎಂದು ಬಿಟ್ಟೆ. ಇದು ಹೊಸ ವರದಿಯಲ್ಲ, ಆ ದಿನ ಹೋಗಬೇಕಾಗಿದ್ದ ವರದಿ ಎಂದು ತಲೆಯ ಮೇಲೆ ಬರೆದು, ಟೈಪ್ ಮಾಡಿದ ದಿನದ ತಾರೀಖು ಹಾಕಿ, ನನ್ನ ಹೆಸರು ಹಾಕಿದೆ. ಜೊತೆಗೆ ಅರ್ಧ ಪುಟದ ನನ್ನ ಹೇಳಿಕೆ. ಷರಾ ತೆಗೆದವಳು ನಾನು, ಕೇಳಿದಾಗ ಹೂಂ ಅಂದವಳು ನಾನು, ಚೀಟಿ ಅಡಗಿಸಿದವಳು ನಾನು. ಒಂದೇ ಪುಟಕ್ಕೆ ತರಲು ಹೇಳಿದ್ದು ಯಾರು, ಚೀಟಿ ನೋಡದೆ ಸಹಿ ಹಾಕಿದ್ದು ಯಾರು ಎಂಬುದನ್ನೂ ಬರೆದಿದ್ದೇನೆ. ತಪ್ಪು ಹಂಚುವುದಕ್ಕೆ ಅಲ್ಲ, ನಡೆದದ್ದು ಹಾಗೆ ಎಂದು.

ಪಡ್ಡಿನ ಹಂಚಿನ ಬಗ್ಗೆ ಒಂದಕ್ಷರ ಬರೆದಿಲ್ಲ. ನಿನ್ನ ಕಾಗದಗಳನ್ನು ಯಾರಿಗೂ ತೋರಿಸುವುದಿಲ್ಲ. ಆ ಷರಾ ಬರೆಯಬೇಕಾದವಳು ನೀನು. ಬರೆಯುತ್ತೀಯೋ ಇಲ್ಲವೋ ನಾನು ಕೇಳುವುದಿಲ್ಲ.

ಭಾನುವಾರ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ಕೆಲಸ ಹೋಗ್ತದ. ಹೋಗ್ಲಿ. ಪೊಲೀಸ್ರು ಬರ್ತಾರೇನು?’ ಎಂದಳು. ಗೊತ್ತಿಲ್ಲ ಅಂದೆ. ಒಳಗೆ ಹೋಗಿ ನನ್ನ ಹಸಿರು ಚೂಡಿದಾರಕ್ಕೆ ಇಸ್ತ್ರಿ ಹಾಕಿಕೊಂಡು ಬಂದು ಕುರ್ಚಿಯ ಮೇಲೆ ಇಟ್ಟಳು.

ನಿನ್ನೆ ಸಂಜೆ ಕಾಮಾಕ್ಷಿಪಾಳ್ಯಕ್ಕೆ ಹೋಗಿ ಚೀಟಿ ಕೊಟ್ಟೆ. ಪುಟ್ಟಲಕ್ಷ್ಮಕ್ಕ ತಮ್ಮ ಅಕ್ಷರವನ್ನು ಬಹಳ ಹೊತ್ತು ನೋಡಿದರು. ಬೆರಳಿಟ್ಟು ಒಂದೊಂದೇ ಪದ ಓದಿದರು. ನನ್ನನ್ನು ಬೈಯಲಿಲ್ಲ. ‘ಬರ್ದಿದ್ದೆ’ ಅಂದರು, ನನಗಲ್ಲ, ಗೋಡೆಗೆ. ಆಮೇಲೆ ನನ್ನ ಕಡೆ ತಿರುಗಿ, ‘ನೀನಿನ್ನು ಹೊರಡು’ ಎಂದರು. ಕಾಫಿ ಕೇಳಲಿಲ್ಲ. ಕೆಳಗಿಳಿಯುವಾಗ, ಭಾನುವಾರವಾದರೂ, ಯಂತ್ರಗಳು ಓಡುತ್ತಲೇ ಇದ್ದವು.

ಇವತ್ತು ರಜೆ ಕೇಳಿಲ್ಲ, ಸುಮ್ಮನೆ ಕೆಲಸಕ್ಕೆ ಹೋಗುತ್ತಿಲ್ಲ. ವರದಿ ಮತ್ತು ಹೇಳಿಕೆಯ ಒಂದು ಪ್ರತಿ ಮೆಡಿಕಲ್ ಸೂಪರಿಂಟೆಂಡೆಂಟರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ, ಈ ಕಾಗದದ ಜೊತೆಗೇ ಹೋಗುತ್ತದೆ. ಇನ್ನೊಂದು ನನ್ನ ಚೀಲದಲ್ಲಿದೆ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಯಲ್ಲಿ ಇಳಿಯುತ್ತೇನೆ. ಮರಿಯಪ್ಪನವರು ಈ ಹೊತ್ತಿಗೆ ಮನೆಯಲ್ಲೇ ಇರುತ್ತಾರೆ, ಏಳಕ್ಕೆ ಹೋಗಿ ಕೂರಲು ಅವರಿಗೆ ಬೆಂಚಿಲ್ಲ. ಮೊದಲು ಸರಿಯಾದ ಹೆಸರು ಹೇಳುತ್ತೇನೆ, ಆಮೇಲೆ ನಾನು ಮಾಡಿದ್ದನ್ನು. ಕರವಸ್ತ್ರದಲ್ಲಿರುವ ನನ್ನ ಹಳೆಯ ಕಾಗದವನ್ನು ವಾಪಸು ಕೇಳುತ್ತೇನೆ. ಕೊಡದಿದ್ದರೂ, ಹೊಡೆದರೂ, ಬಾಗಿಲು ಹಾಕಿಕೊಂಡರೂ, ವರದಿಯನ್ನು ಅವರ ಕೈಗೆ ಕೊಟ್ಟೇ ಬರುತ್ತೇನೆ.

ಎರಡನೇ ಪುಟ ಕಳಚಿ ಬೀಳದಂತೆ ಎರಡು ಪಿನ್ನು ಹೊಡೆದಿದ್ದೇನೆ.

ವಚನಾ